ಎರಡನೆಯ ಸಹಿ

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದು 2017ರಲ್ಲಿ ನಿವೃತ್ತನಾದವನು ನಾನು. ಅಲ್ಲಿ ಕಲಿತ ಮೊದಲ ಪಾಠವೆಂದರೆ, ಒಬ್ಬ ಬರೆದ ವೋಚರನ್ನು ಅವನೇ ಪಾಸ್ ಮಾಡಬಾರದು. ಬರೆಯುವವನು ಒಬ್ಬ, ನೋಡಿ ಸಹಿ ಹಾಕುವವನು ಇನ್ನೊಬ್ಬ. ಎಷ್ಟೇ ನಂಬಿಕಸ್ಥನಿರಲಿ, ಎರಡನೆಯ ಸಹಿ ಬೇಕೇ ಬೇಕು. ಈ ಪಾಠವನ್ನು ನಾನು ಮರೆತದ್ದು ಪುಣೆಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಮೂರು ಸ್ಪಾರ್ಕ್ ಪ್ಲಗ್ಗುಗಳ ವಿಷಯದಲ್ಲಿ.

ನಾನು ಧಾರವಾಡದವನು. ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದ ಮೇಲೆ ಕೊಂಡ ಮೊದಲ ವಾಹನ ಬಜಾಜ್ ಚೇತಕ್. ಭಾನುವಾರ ಮಾಳಮಡ್ಡಿಯ ಮನೆಯ ಮುಂದೆ ಅದರ ಪ್ಲಗ್ ಬಿಚ್ಚಿ, ಮರಳು ಕಾಗದದಿಂದ ತಿಕ್ಕಿ, ಹ್ಯಾಕ್ಸಾ ಬ್ಲೇಡಿನ ತುಂಡೊಂದನ್ನು ತೂರಿಸಿ ಗ್ಯಾಪ್ ಸರಿ ಮಾಡುತ್ತಿದ್ದೆ. ಬ್ಲೇಡು ಬಿಗಿಯಾಗಿ ಹೋದರೆ ಸರಿ, ಅದೇ ನಮ್ಮ ಅಳತೆಗೋಲು. ಪಾನಾ ಹಿಡಿದರೆ ಸಾಕು, ಓಣಿಯ ನಾಲ್ಕು ಜನ ಸೇರುತ್ತಿದ್ದರು. "ಪ್ಲಗ್ಗಿಗೆ ಕರಿ ಹಿಡದದ, ಆಯಿಲ್ ಜಾಸ್ತಿ ಆಗೇದ ನೋಡ್ರಿ" ಅಂತ ಒಬ್ಬರು, "ಗ್ಯಾಪ್ ಇನ್ನೂ ಒಂಚೂರು ಕಡಿಮಿ ಮಾಡ್ರಿ" ಅಂತ ಇನ್ನೊಬ್ಬರು. ಕರೆಯದೆ ಬಂದು ಸಲಹೆ ಕೊಡುವ ಇವರನ್ನು ಕಂಡರೆ ಆಗ ನನಗೆ ರೇಗುತ್ತಿತ್ತು.

1996ರಲ್ಲಿ ವರ್ಗವಾಗಿ ಪುಣೆಗೆ ಬಂದೆ. ಮಕ್ಕಳ ಓದು, ಫ್ಲ್ಯಾಟಿನ ಸಾಲ ಅಂತ ಇಲ್ಲೇ ಉಳಿದೆವು. ನಿವೃತ್ತಿಯ ಹಣದಲ್ಲಿ 2018ರಲ್ಲಿ ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಕಾರು ಕೊಂಡೆ. 2022ರ ಹೊತ್ತಿಗೆ ಅದು ನಲವತ್ತು ಸಾವಿರ ಕಿಲೋಮೀಟರ್ ಓಡಿತ್ತು. ಪ್ಲಗ್ ಬದಲಿಸಬೇಕು, ಕೂಲಿ ಸೇರಿ ನಾಲ್ಕು ಸಾವಿರ ಚಿಲ್ಲರೆ ಅಂದರು. ಚೇತಕ್ ಕಾಲದ ಹುಮ್ಮಸ್ಸು ಕೆರಳಿತು. ಒಂದು ಅಂಗಡಿಗೆ ಹೋಗಿ ನನ್ನ ಕಾರಿನ ಹೆಸರು ಹೇಳಿದೆ, ಟರ್ಬೊ ಅಂತಲೂ ಹೇಳಿದೆ. "ಎರಡಕ್ಕೂ ಥ್ರೆಡ್ ಒಂದೇ ಸಾಹೇಬ್, ಗ್ಯಾಪ್ ಕಂಪನಿಯಿಂದಲೇ ಇಟ್ಟು ಬಂದಿರುತ್ತೆ" ಅಂತ ಮರಾಠಿಯಲ್ಲಿ ಹೇಳಿ ಅವನು ಮೂರು ಡಬ್ಬಿ ಕೊಟ್ಟ.

ಇಂಜಿನ್ ತಣ್ಣಗಿದ್ದಾಗಲೇ ಕೆಲಸಕ್ಕೆ ಕೂತೆ. ಕಾಯಿಲ್‌ಗಳ ಕನೆಕ್ಟರ್ ಬಿಡಿಸಿ, ಕಾಯಿಲ್ ಎತ್ತಿ, ಪ್ಲಗ್ ಕೂರುವ ಗುಂಡಿಯ ಧೂಳನ್ನು ಪಂಪಿನಿಂದ ಊದಿ, ಹಳೆಯವನ್ನು ಬಿಚ್ಚಿದೆ. ತುದಿ ತಿಳಿ ಕಂದು ಬಣ್ಣದಲ್ಲಿತ್ತು, ಇಂಜಿನ್ನಿನ ಆರೋಗ್ಯ ಚೆನ್ನಾಗಿದೆ ಅನ್ನುವುದಕ್ಕೆ ಅದೇ ಗುರುತು. ಹೊಸವನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾದಿಂದ ಬಿಗಿ ಮಾಡಿದೆ. ಎಲ್ಲ ಸರಿಯಾಗೇ ಮಾಡಿದೆ, ಒಂದನ್ನು ಬಿಟ್ಟು. ಗ್ಯಾಪ್ ನೋಡಲಿಲ್ಲ. ಬೇಸ್‌ಮೆಂಟಿನಲ್ಲಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುವವರು ಯಾರೂ ಇರಲಿಲ್ಲ.

ಎಂಟು ದಿನ ಊರೊಳಗೆ ಕಾರು ಚೆನ್ನಾಗಿಯೇ ಓಡಿತು. ಒಂಬತ್ತನೆಯ ದಿನ ಬೆಳಿಗ್ಗೆ ಧಾರವಾಡದಿಂದ ಅಣ್ಣನ ಫೋನು. "ತಮ್ಮಾ, ಅವ್ವನ್ನ ದವಾಖಾನಿಗೆ ಸೇರ್ಸೇವಿ. ನಿನ್ನ ಕೇಳ್ಲಿಕ್ಕತ್ತಾಳ, ಬಂದುಬಿಡು." ಅವ್ವನಿಗೆ ಆಗ ಎಂಬತ್ತೆಂಟು. ಒಂಬತ್ತಕ್ಕೆ ಹೊರಟೆವು. ಸುಮಾರು ನಾನೂರ ಇಪ್ಪತ್ತು ಕಿಲೋಮೀಟರ್, ಸಂಜೆ ಐದರೊಳಗೆ ಮುಟ್ಟುವ ಲೆಕ್ಕ.

ಶಿರವಳ ದಾಟಿ ಖಂಬಾಟಕಿ ಘಾಟಿ ಏರುವಾಗ ಕಾರು ಜಗ್ಗತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಜಗ್ಗಾಟ ಹೆಚ್ಚು, ಮುಂದೆ ಇಂಜಿನ್ನಿನ ಹಳದಿ ದೀಪ ಮಿಣುಕುತ್ತಿತ್ತು. ಸುಮ್ಮನೆ ಹತ್ತಿಕೊಂಡಿದ್ದರೆ ಬೇರೆ ಮಾತು. ಮಿಣುಕಿದರೆ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯದೆ ಹಾಗೇ ಹೊರಗೆ ಹೋಗುತ್ತಿದೆ ಅಂತ ಅರ್ಥ, ಅದು ಸೈಲೆನ್ಸರಿನ ದಾರಿಯಲ್ಲಿರುವ ದುಬಾರಿ ಕನ್ವರ್ಟರನ್ನೇ ಸುಡಬಹುದು. ಕಾಲು ಹಗುರ ಮಾಡಿದರೆ ದೀಪ ನಿಲ್ಲುತ್ತಿತ್ತು. ಹಿಂದಿನ ಲಾರಿಗಳ ಹಾರ್ನ್ ಕೇಳಿಸಿಕೊಳ್ಳುತ್ತ, ಸಣ್ಣ ಗೇರಿನಲ್ಲಿ ತೆವಳಿಕೊಂಡು ಘಾಟಿ ದಾಟಿದೆ. ನನ್ನಾಕೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಘಾಟಿ ಇಳಿದ ಮೇಲೆ ರಸ್ತೆ ಬದಿಯ ಸಣ್ಣ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ನಾವಿಬ್ಬರು ಮಾತಾಡುವುದು ಕೇಳಿ ಅಲ್ಲಿನ ಹುಡುಗ, "ಯಾವೂರ್ರಿ ಕಾಕಾ?" ಅಂದ. ವಿಜಯಪುರದ ಕಡೆಯವನಂತೆ. ನನ್ನ ಕತೆ ಕೇಳಿ ಕೇಳಿದ್ದು ಒಂದೇ ಪ್ರಶ್ನೆ: "ಗ್ಯಾಪ್ ಎಷ್ಟ ಇಟ್ಟೀರಿ?"

"ಡಬ್ಬ್ಯಾಗ ಇದ್ದಾಂಗ ಹಾಕೀನೋ ತಮ್ಮಾ."

ಅವನು ತಲೆಯಾಡಿಸಿದ. ಆದರೆ ಬಿಸಿ ಇಂಜಿನ್ನಿನಿಂದ ಪ್ಲಗ್ ಬಿಚ್ಚಲು ಒಪ್ಪಲಿಲ್ಲ. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತುಬಂದರೆ ಧಾರವಾಡವೂ ಇಲ್ಲ, ಪುಣೆಯೂ ಇಲ್ಲ ಅಂದ. ಬಾನೆಟ್ ಎತ್ತಿಟ್ಟು ಒಂದೂವರೆ ಗಂಟೆ ಕಾದೆವು. ಕೊನೆಗೆ ಬಿಚ್ಚಿ ಫೀಲರ್ ಗೇಜ್ ಹಾಕಿದರೆ 1.1 ಮಿಲಿಮೀಟರ್! ನನ್ನ ಕಾರಿನ ಪುಸ್ತಕದಲ್ಲಿ ಇರಬೇಕಾದದ್ದು 0.7ರಿಂದ 0.8. ಅಂಗಡಿಯವನು ಕೊಟ್ಟಿದ್ದು ಟರ್ಬೊ ಇಲ್ಲದ ಗಾಡಿಯ ಪ್ಲಗ್ಗು.

ಟರ್ಬೊ ಅನ್ನುವುದು ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಒತ್ತಡ ಹೆಚ್ಚಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್‌ಗಾದರೋ ನಮ್ಮ ಓವರ್‌ಡ್ರಾಫ್ಟಿನಂತೆ ಒಂದು ಲಿಮಿಟ್ ಉಂಟು. ಊರೊಳಗೆ ಹಗುರವಾಗಿ ಓಡಿಸುವಾಗ ಆ ಲಿಮಿಟ್ಟಿನೊಳಗೇ ನಡೆಯುತ್ತದೆ. ಘಾಟಿಯಲ್ಲಿ ಟರ್ಬೊ ಪೂರ್ತಿ ಒತ್ತಿದಾಗ ಅಗಲದ ಗ್ಯಾಪನ್ನು ಕಿಡಿ ದಾಟಲಾರದು. ಅದಕ್ಕೇ ಇಂಥ ಗಾಡಿಗೆ ಗ್ಯಾಪ್ ಕಡಿಮೆ.

ಹುಡುಗ ಹೊರಗಿನ ಬಾಗಿದ ಕಡ್ಡಿಯನ್ನಷ್ಟೇ ಮೆಲ್ಲಗೆ ತಟ್ಟಿ ತಟ್ಟಿ 0.8ಕ್ಕೆ ತಂದ, ನಡುವಿನ ತುದಿಯನ್ನು ಮುಟ್ಟಲಿಲ್ಲ. "ಊರು ಮುಟ್ಟಾಕ ಅಡ್ಡಿ ಇಲ್ರಿ. ಆದ್ರ ಈ ಪ್ಲಗ್ಗಿನ ಹೀಟ್ ರೇಂಜೂ ನಿಮ್ಮ ಗಾಡೀದಲ್ಲ. ಹುಬ್ಬಳ್ಳ್ಯಾಗ ಖರೇ ಪ್ಲಗ್ ಹಾಕಿಸ್ರಿ" ಅಂದ. ಇನ್ನೂರು ರೂಪಾಯಿ ತೆಗೆದುಕೊಂಡ.

ದವಾಖಾನೆ ಮುಟ್ಟಿದಾಗ ರಾತ್ರಿ ಎಂಟೂವರೆ. ಅವ್ವ ಆರರವರೆಗೂ ಬಾಗಿಲ ಕಡೆ ನೋಡುತ್ತ "ಬಂದನೇನು?" ಅಂತ ಕೇಳುತ್ತಿದ್ದಳಂತೆ. ಆಮೇಲೆ ಔಷಧದ ಮಂಪರು. ಆ ರಾತ್ರಿ ಅವಳ ಮಂಚದ ಪಕ್ಕ ಕೂತು ನಾನು ಲೆಕ್ಕ ಹಾಕಿದೆ. ಉಳಿಸಿದ್ದು ಎರಡೂವರೆ ಸಾವಿರ ರೂಪಾಯಿ, ಕಳೆದದ್ದು ಮೂರೂವರೆ ಗಂಟೆ. ಎಚ್ಚರವಾಗದಿದ್ದರೆ? ಈ ಬಾಕಿಯನ್ನು ಯಾವ ಖಾತೆಗೆ ಬರೆಯಲಿ?

ಬೆಳಿಗ್ಗೆ ಅವ್ವ ಕಣ್ಣು ಬಿಟ್ಟಳು. "ಯಾವಾಗ ಬಂದಿ?" ಅಂದಳು. ನಾನು ಉತ್ತರ ಕೊಡುವ ಮೊದಲೇ, "ಊಟ ಆತೇನು?" ಅಂದಳು. ಮರುವರ್ಷದ ತನಕ ಅವಳು ನಮ್ಮೊಂದಿಗಿದ್ದಳು. ಆ ದಿನಗಳನ್ನು ನಾನು ಬೋನಸ್ ಅಂತಲೇ ಎಣಿಸಿದ್ದೇನೆ.

ಅಣ್ಣನಿಗೆ ಎಲ್ಲ ಹೇಳಿದಾಗ ನಕ್ಕು, "ಇಲ್ಲೇ ಓಣ್ಯಾಗ ಬಿಚ್ಚಿದ್ರ ಯಾರರೆ ಒಬ್ರು ಹೇಳೇ ಹೇಳ್ತಿದ್ರಲ್ಲೋ" ಅಂದ. ಅದು ನನ್ನ ಮನಸ್ಸಿನಲ್ಲಿ ನಿಂತಿತು. ಊರು ಬಿಟ್ಟವರು ಅಡುಗೆ, ಹಬ್ಬ, ಭಾಷೆ ಕಳೆದುಕೊಂಡೆವೆಂದು ಕೊರಗುತ್ತೇವೆ. ಅದನ್ನೆಲ್ಲ ಪುಣೆಯಲ್ಲೂ ಹೇಗೋ ಕಟ್ಟಿಕೊಳ್ಳಬಹುದು. ಕಳೆದುಕೊಂಡದ್ದು ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಆ ನಾಲ್ಕು ಜನರನ್ನು, ನಾನು ರೇಗುತ್ತಿದ್ದ ಆ ಎರಡನೆಯ ಸಹಿಯನ್ನು.

ಹುಬ್ಬಳ್ಳಿಯಲ್ಲಿ ಹಾಕಿಸಿದ ಇರಿಡಿಯಂ ಪ್ಲಗ್ಗುಗಳನ್ನು ಹೋದ ವರ್ಷ ಬದಲಿಸುವಾಗ ಪಕ್ಕದ ಮನೆಯ ನಿವೃತ್ತ ಮರಾಠಿ ಮಾಸ್ತರರನ್ನು ಬೇಸ್‌ಮೆಂಟಿಗೆ ಕರೆದೆ. ಅವರಿಗೆ ಕಾರಿನ ಗಂಧವಿಲ್ಲ. ಡಬ್ಬಿಯ ಮೇಲಿನ ನಂಬರು ಓದಿಸಿದೆ, ಇರಿಡಿಯಂ ತುದಿಗೆ ತಾಗದಂತೆ ತಂತಿಯ ಗೇಜು ತೂರಿಸಿ ತೋರಿಸಿದೆ. ಕನ್ನಡಕ ಏರಿಸಿ ಮೂರನ್ನೂ ನೋಡಿದರು. "ಚಾಲೇಲ್" ಅಂದರು. ನನ್ನ ನೋಟ್‌ಬುಕ್ಕಿನಲ್ಲಿ ತಾರೀಖು, ಕಿಲೋಮೀಟರ್, ಗ್ಯಾಪ್ ಬರೆದು ಸಹಿ ಮಾಡಿದೆ. ಕೆಳಗೆ ಅವರ ಸಹಿಯನ್ನೂ ಹಾಕಿಸಿಕೊಂಡೆ.