ಚಪ್ಪಾಳೆ ಸಿಕ್ಕ ಭಾಷಣ

ಕಳೆದ ತಿಂಗಳು ರಾಜ್ಯಶಾಸ್ತ್ರ ವಿಭಾಗದವರು ನಡೆಸಿದ ಚರ್ಚಾ ಸ್ಪರ್ಧೆಯಲ್ಲಿ ನನಗೆ ಎರಡನೇ ಬಹುಮಾನ ಬಂತು. ‘ಅಮೆರಿಕ ಮತ್ತು ಯುರೋಪಿನ ಸೇನಾ ಮೈತ್ರಿ ಮುರಿದು ಬೀಳುವುದು ಜಗತ್ತಿಗೆ ಒಳ್ಳೆಯದು’ ಎಂಬುದು ವಿಷಯ. ನಾನು ಪರವಾಗಿ ಮಾತನಾಡಿದೆ. ಅಂದು ಹಾಲ್‌ನಲ್ಲಿದ್ದವರಿಗೆ ನೆನಪಿರಬಹುದು, ಕೊನೆಯಲ್ಲಿ ಬಂದ ಚಪ್ಪಾಳೆಯಲ್ಲಿ ಸಮಯ ಮುಗಿದ ಬೆಲ್ ಕೂಡ ಕೇಳಿಸಲಿಲ್ಲ.

ನಾನು ಹೇಳಿದ್ದು ಇಷ್ಟು. ನ್ಯಾಟೋ ಎಂಬ ಈ ಕೂಟ 2003ರಲ್ಲಿ ಅಫ್ಘಾನಿಸ್ತಾನದ ಅಂತರರಾಷ್ಟ್ರೀಯ ಪಡೆಯ ಹೊಣೆ ಹೊತ್ತಿತು. 2021ರಲ್ಲಿ ಬಿಟ್ಟು ಹೋಗುವಾಗ ಕಾಬೂಲ್‌ನಲ್ಲಿ ಮತ್ತೆ ತಾಲಿಬಾನೇ ಕೂತಿತ್ತು. 2011ರಲ್ಲಿ ಲಿಬಿಯಾದ ಮೇಲೆ ಬಾಂಬ್ ಹಾಕಿತು, ಆ ದೇಶ ಇನ್ನೂ ಒಂದಾಗಿಲ್ಲ. ಈಗ ಟ್ರಂಪ್ ತನ್ನದೇ ಕೂಟದ ಡೆನ್ಮಾರ್ಕ್‌ನ ಹತ್ತಿರ ಗ್ರೀನ್‌ಲ್ಯಾಂಡ್ ಕೇಳುತ್ತಿದ್ದಾರೆ. ‘ಅವರವರೇ ಕಚ್ಚಾಡಿಕೊಂಡು ಬೇರೆಯಾಗಲಿ, ನಮ್ಮವರು ನೆಮ್ಮದಿಯಾಗಿ ಉಸಿರಾಡುತ್ತಾರೆ’ ಎಂದೆ. ಆ ಸಾಲಿಗೇ ಚಪ್ಪಾಳೆ ಬಂದದ್ದು.

ಪ್ರಮಾಣಪತ್ರ ಕೊಡುವಾಗ ತೀರ್ಪುಗಾರರಾಗಿದ್ದ ಸರ್ ಮೆಲ್ಲನೆ ಕೇಳಿದರು: “ಸ್ರೆಬ್ರೆನಿಕಾ ಎಲ್ಲಿದೆ ಗೊತ್ತಾ?”

ನನಗೆ ಗೊತ್ತಿರಲಿಲ್ಲ. ಹೆಸರು ಕೇಳಿ ಸ್ಪೇನ್ ಇರಬೇಕು ಎನಿಸಿ ಹಾಗೇ ಹೇಳಿದೆ. ಸರ್ ನಗಲಿಲ್ಲ. “ಮನೆಗೆ ಹೋಗಿ ಹುಡುಕಿ ನೋಡು” ಎಂದರು, ಅಷ್ಟೆ. ಫೋಟೋದಲ್ಲಿ ನನ್ನ ಮುಖ ಯಾಕೆ ಹಾಗಿದೆ ಎಂದು ಕೇಳಿದ ಗೆಳೆಯರಿಗೆಲ್ಲ ಇದೇ ಉತ್ತರ.

ರಾತ್ರಿ ಊಟಕ್ಕೆ ಕೂತಾಗ ಬಹುಮಾನದ ಸುದ್ದಿ ಹೇಳಿ, ಸರ್ ಕೇಳಿದ ಪ್ರಶ್ನೆಯನ್ನೂ ಉಪ್ಪನಿಗೆ ಹೇಳಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. “ಬೋಸ್ನಿಯಾ” ಎಂದರು. ಧಕ್ಕೆಯಲ್ಲಿ ಮೀನಿನ ವ್ಯಾಪಾರ ಮಾಡುವ ಉಪ್ಪನಿಗೆ ಈ ಹೆಸರು ಹೇಗೆ ಗೊತ್ತು ಎಂದು ನನಗೆ ಆಶ್ಚರ್ಯ. 1995ರಲ್ಲಿ ಅವರು ಮೊದಲ ವರ್ಷದ ಪಿಯುಸಿಯಲ್ಲಿದ್ದರಂತೆ. ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ಖತೀಬರು ಬೋಸ್ನಿಯಾದವರಿಗಾಗಿ ದುಆ ಮಾಡಲು ಹೊರಟು, ಅರ್ಧದಲ್ಲಿ ಅಳು ಬಂದು ನಿಲ್ಲಿಸಿಬಿಟ್ಟರಂತೆ. ಬಾಗಿಲಲ್ಲಿ ಇಬ್ಬರು ಟವೆಲ್ ಹಿಡಿದು ನಿಂತಿದ್ದರು. ಉಪ್ಪ ಬಸ್ಸಿಗೆ ಇಟ್ಟಿದ್ದ ಐದು ರೂಪಾಯಿ ಹಾಕಿ ಮನೆಗೆ ನಡೆದುಕೊಂಡು ಬಂದರಂತೆ. “ನಡೆದು ಬಂದದ್ದಕ್ಕೆ ಅಜ್ಜ ಬೈದರು, ಕಾರಣ ಹೇಳಿದ ಮೇಲೆ ಸುಮ್ಮನಾದರು” ಎಂದರು.

ಆಮೇಲೆ ಎರಡು ವಾರ ನಾನು ಓದಿದ್ದು ಬೋಸ್ನಿಯಾ ಬಗ್ಗೆಯೇ. ಕಿರುಪರೀಕ್ಷೆಯ ಅರ್ಥಶಾಸ್ತ್ರದ ಅಂಕಗಳಲ್ಲಿ ಅದರ ಪರಿಣಾಮ ಕಾಣಬಹುದು.

ಯುಗೊಸ್ಲಾವಿಯಾ ಒಡೆಯಲು ಶುರುವಾದದ್ದು 1991ರಲ್ಲಿ. ಆಗ ಯುರೋಪಿನ ನಾಯಕರು, ಇದು ಯುರೋಪಿನ ಗಳಿಗೆ, ಅಮೆರಿಕದ್ದಲ್ಲ, ನಾವೇ ನೋಡಿಕೊಳ್ಳುತ್ತೇವೆ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಅಮೆರಿಕಕ್ಕೂ ಅದೇ ಬೇಕಿತ್ತು, ತಲೆನೋವು ತಪ್ಪಿತು. ಅದೇ ವರ್ಷ ವಿಶ್ವಸಂಸ್ಥೆ ಇಡೀ ಯುಗೊಸ್ಲಾವಿಯಾಕ್ಕೆ ಆಯುಧ ಮಾರಬಾರದೆಂದು ನಿಷೇಧ ಹಾಕಿತು. ನೋಡಲು ನ್ಯಾಯವಾಗಿಯೇ ಇದೆ. ಆದರೆ ಹಳೆಯ ಯುಗೊಸ್ಲಾವ್ ಸೇನೆಯ ಟ್ಯಾಂಕು, ಫಿರಂಗಿಗಳು ಸೆರ್ಬ್ ಪಡೆಗಳ ಕೈಯಲ್ಲಿದ್ದವು. 1992ರಲ್ಲಿ ಸ್ವತಂತ್ರವಾದ ಬೋಸ್ನಿಯಾದ ಸರ್ಕಾರದ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ನಿಷೇಧ ಕಟ್ಟಿಹಾಕಿದ್ದು ಬರಿಗೈಯವರನ್ನು. ಸರಾಯೆವೊ ನಗರದ ಮುತ್ತಿಗೆ ಸುಮಾರು ನಾಲ್ಕು ವರ್ಷ ನಡೆಯಿತು. ನೀರು ತರಲು ಹೋದವರನ್ನು ಬೆಟ್ಟದ ಮೇಲಿನಿಂದ ಗುರಿಯಿಟ್ಟು ಹೊಡೆಯುತ್ತಿದ್ದರು.

ಅಟ್ಲಾಂಟಿಕ್‌ನ ಆಚೆ ಈಚೆಯವರ ಜಗಳ ಶುರುವಾದದ್ದು ಇಲ್ಲಿ. 1993ರ ಮೇ ತಿಂಗಳಲ್ಲಿ ಕ್ಲಿಂಟನ್ ಸರ್ಕಾರದ ವಿದೇಶಾಂಗ ಕಾರ್ಯದರ್ಶಿ ವಾರನ್ ಕ್ರಿಸ್ಟೋಫರ್ ಯುರೋಪಿಗೆ ಬಂದು, ಆಯುಧ ನಿಷೇಧ ತೆಗೆಯೋಣ, ಸೆರ್ಬ್ ಪಡೆಗಳ ಮೇಲೆ ವಿಮಾನ ದಾಳಿ ಮಾಡೋಣ ಎಂದರು. ಬ್ರಿಟನ್, ಫ್ರಾನ್ಸ್ ಒಪ್ಪಲಿಲ್ಲ. ‘ನೆಲದ ಮೇಲೆ ಶಾಂತಿಪಾಲನೆಗೆ ನಿಂತಿರುವವರು ನಮ್ಮ ಹುಡುಗರು, ನಿಮ್ಮವರು ಒಬ್ಬರೂ ಇಲ್ಲ. ನೀವು ಮೇಲಿನಿಂದ ಬಾಂಬ್ ಹಾಕಿದರೆ ಸೇಡು ತೀರುವುದು ನಮ್ಮವರ ಮೇಲೆ’ ಎಂಬುದು ಅವರ ವಾದದ ತಿರುಳು. ಅದರಲ್ಲೂ ಸತ್ಯವಿತ್ತು. ಅಮೆರಿಕ ತನ್ನ ಕಾಲಾಳುಗಳನ್ನು ಕಳಿಸಲು ಸಿದ್ಧವಿರಲಿಲ್ಲ. ಹೀಗೆ ಇಬ್ಬರದೂ ಸರಿ ಎನ್ನುವಂಥ ಮಾತುಗಳಲ್ಲಿ ಎರಡು ವರ್ಷ ಹೋಯಿತು.

ಕೊನೆಗೆ ಒಪ್ಪಿಕೊಂಡದ್ದು ‘ಎರಡು ಬೀಗದ ಕೈ’ ಎಂಬ ಪದ್ಧತಿಗೆ. ವಿಮಾನ ದಾಳಿ ಆಗಬೇಕಾದರೆ ನ್ಯಾಟೋ ಒಂದು ಕೀ ತಿರುಗಿಸಬೇಕು, ವಿಶ್ವಸಂಸ್ಥೆಯವರು ಇನ್ನೊಂದು. ಒಬ್ಬರು ತಿರುಗಿಸದಿದ್ದರೂ ವಿಮಾನ ಬಾಂಬ್ ಹಾಕುವಂತಿಲ್ಲ. 1995ರ ಮೇ ತಿಂಗಳಲ್ಲಿ ಒಮ್ಮೆ ದಾಳಿ ಮಾಡಿದ್ದಕ್ಕೆ ಸೆರ್ಬ್ ಪಡೆಗಳು ನೂರಾರು ಶಾಂತಿಪಾಲಕರನ್ನು ಒತ್ತೆ ಹಿಡಿದವು, ಕೆಲವರನ್ನು ಮದ್ದುಗುಂಡಿನ ದಾಸ್ತಾನುಗಳ ಹತ್ತಿರ ಸರಪಳಿಯಲ್ಲಿ ಕಟ್ಟಿದವು. ಆಮೇಲಂತೂ ಕೀ ತಿರುಗಿಸಲು ಎಲ್ಲರಿಗೂ ಭಯ.

ಸ್ರೆಬ್ರೆನಿಕಾ ಇರುವುದು ಬೋಸ್ನಿಯಾದ ಪೂರ್ವ ಅಂಚಿನಲ್ಲಿ, ಸೆರ್ಬಿಯಾ ಗಡಿಯ ಹತ್ತಿರ. 1993ರಲ್ಲೇ ಭದ್ರತಾ ಮಂಡಳಿ ಅದನ್ನು ‘ಸುರಕ್ಷಿತ ವಲಯ’ ಎಂದು ಘೋಷಿಸಿತ್ತು. ಸುತ್ತಲಿನ ಹಳ್ಳಿಗಳಿಂದ ಓಡಿಬಂದ ಸಾವಿರಾರು ಮುಸ್ಲಿಮರು ಆ ಮಾತನ್ನು ನಂಬಿ ಅಲ್ಲಿ ಸೇರಿದ್ದರು. ಕಾವಲಿಗೆ ಇದ್ದವರು ಕೆಲವು ನೂರು ಡಚ್ ಸೈನಿಕರು, ಹಗುರ ಆಯುಧದವರು. 1995ರ ಜುಲೈನಲ್ಲಿ ರಾಟ್ಕೊ ಮ್ಲಾದಿಚ್‌ನ ಪಡೆ ಮುನ್ನುಗ್ಗಿದಾಗ ಡಚ್ಚರು ವಿಮಾನದ ನೆರವು ಕೇಳಿದರು, ಮತ್ತೆ ಕೇಳಿದರು. ಜುಲೈ 11ರ ಮಧ್ಯಾಹ್ನ ಕೊನೆಗೂ ವಿಮಾನಗಳು ಬಂದು ಕೆಲವೇ ಬಾಂಬ್ ಹಾಕಿದವು. ಸೆರೆಸಿಕ್ಕ ಡಚ್ ಸೈನಿಕರನ್ನು ಕೊಲ್ಲುತ್ತೇವೆಂಬ ಬೆದರಿಕೆ ಬಂತು, ದಾಳಿ ನಿಂತಿತು, ಪಟ್ಟಣ ಬಿತ್ತು. ಮುಂದಿನ ದಿನಗಳಲ್ಲಿ 8,000ಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದರು. ಅವರಲ್ಲಿ ನಮ್ಮ ತರಗತಿಯ ವಯಸ್ಸಿನವರು ಎಷ್ಟೋ ಮಂದಿ. ಅಂತರರಾಷ್ಟ್ರೀಯ ನ್ಯಾಯಾಲಯ 2007ರಲ್ಲಿ ಇದು ಜನಾಂಗೀಯ ಹತ್ಯೆ ಎಂದು ತೀರ್ಪು ಕೊಟ್ಟಿದೆ.

ಇದಾದ ಮೇಲೆ ಎರಡೂ ದಡದವರು ಒಂದಾದರು. ಆಗಸ್ಟ್ 28ರಂದು ಸರಾಯೆವೊದ ಮಾರುಕಟ್ಟೆಗೆ ಬಿದ್ದ ಶೆಲ್‌ಗೆ 43 ಜನ ಸತ್ತರು. ಆಗಸ್ಟ್ 30ರಿಂದ ನ್ಯಾಟೋ ದಾಳಿ ಶುರುವಾಯಿತು. ಸೆಪ್ಟೆಂಬರ್ ಮುಗಿಯುವ ಮೊದಲೇ ನಗರದ ಸುತ್ತಲಿನ ದೊಡ್ಡ ಫಿರಂಗಿಗಳನ್ನು ಹಿಂದಕ್ಕೆ ಸರಿಸಬೇಕಾಯಿತು. ನವೆಂಬರ್‌ನಲ್ಲಿ ಅಮೆರಿಕದ ಡೇಟನ್‌ನಲ್ಲಿ ಒಪ್ಪಂದವಾಯಿತು. ಬೋಸ್ನಿಯಾ ಮತ್ತು ಕ್ರೊಯೇಷಿಯಾದ ನೆಲದ ಪಡೆಗಳೂ ಆಗ ಮುಂದೊತ್ತುತ್ತಿದ್ದವು, ಹಾಗಾಗಿ ಬರೀ ವಿಮಾನಗಳಿಂದಲೇ ಎಲ್ಲವೂ ಆಯಿತು ಎನ್ನಲಾಗದು. ಆದರೂ ಮೂರು ವರ್ಷ ಆಗದ್ದು ಮೂರು ವಾರದಲ್ಲಿ ಆಯಿತು ಎಂಬುದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಎರಡು ಕೋಣಗಳ ಕಾದಾಟದಲ್ಲಿ ಗಿಡಕ್ಕೆ ಸಾವು ಎಂಬ ಗಾದೆಯನ್ನು ಹೈಸ್ಕೂಲಿನಲ್ಲಿ ಅಂಕಕ್ಕಾಗಿ ವಿಸ್ತರಿಸಿ ಬರೆದಿದ್ದೆ. ನನ್ನ ಭಾಷಣದಲ್ಲಿ ಕೋಣಗಳಷ್ಟೇ ಇದ್ದವು.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ‘ನ್ಯಾಟೋದ ಒಬ್ಬ ಸದಸ್ಯನ ಮೇಲೆ ದಾಳಿಯಾದರೆ ಎಲ್ಲರೂ ಯುದ್ಧಕ್ಕೆ ಇಳಿಯಲೇಬೇಕೆಂದು ಒಪ್ಪಂದದಲ್ಲಿದೆ’ ಎಂದು ನಾನು ಮೈಕಿನಲ್ಲಿ ಹೇಳಿದ್ದೆ. 1949ರ ಆ ಒಪ್ಪಂದದಲ್ಲಿ ಹದಿನಾಲ್ಕೇ ವಿಧಿಗಳು, ಒಂದು ಪಿರಿಯಡ್‌ನಲ್ಲಿ ಓದಿ ಮುಗಿಸಬಹುದು. ಐದನೇ ವಿಧಿ ಹೇಳುವುದು, ಒಬ್ಬರ ಮೇಲಿನ ದಾಳಿಯನ್ನು ಎಲ್ಲರ ಮೇಲಿನ ದಾಳಿಯೆಂದು ಎಣಿಸಿ, ಪ್ರತಿ ದೇಶವೂ ತನಗೆ ಅಗತ್ಯವೆನಿಸಿದ ಕ್ರಮದಿಂದ ನೆರವಾಗಬೇಕು ಎಂದು. ಸೇನೆ ಕಳಿಸುವುದೂ ಅದರಲ್ಲಿ ಸೇರಬಹುದು, ಕಳಿಸಲೇಬೇಕೆಂದಿಲ್ಲ. ಅಂದರೆ ಇಷ್ಟು ದೊಡ್ಡ ಕೂಟ ನಿಂತಿರುವುದು ಕಾಗದಕ್ಕಿಂತ ಹೆಚ್ಚಾಗಿ ನಂಬಿಕೆಯ ಮೇಲೆ. ಇದನ್ನು ಹೇಳಿದಾಗ ಉಪ್ಪನಿಗೆ ತಕ್ಷಣ ಅರ್ಥವಾಯಿತು. ಧಕ್ಕೆಯಲ್ಲಿ ಬೆಳಗ್ಗೆ ಬಾಯಿಮಾತಿನ ಮೇಲೆ ಮೀನು ಎತ್ತುತ್ತಾರೆ, ಹಣ ಆಮೇಲೆ. ಒಬ್ಬನ ಮಾತಿನ ಬಗ್ಗೆ ಅನುಮಾನ ಎದ್ದರೆ ಮರುದಿನ ಅವನಿಗೆ ಒಂದು ಬುಟ್ಟಿಯೂ ಸಿಗುವುದಿಲ್ಲ.

ಅನುಮಾನ ಹೊಸತೇನೂ ಅಲ್ಲ. ಪ್ಯಾರಿಸ್ ಉಳಿಸಲು ನ್ಯೂಯಾರ್ಕ್ ಕಳೆದುಕೊಳ್ಳಲು ಅಮೆರಿಕ ಸಿದ್ಧವೇ ಎಂದು ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ 1961ರಲ್ಲೇ ಕೆನಡಿಯವರ ಮುಂದೆ ಸಂಶಯ ಎತ್ತಿದ್ದರು. 1966ರಲ್ಲಿ ಫ್ರಾನ್ಸ್ ನ್ಯಾಟೋದ ಸೇನಾ ವ್ಯವಸ್ಥೆಯಿಂದ ಹೊರಬಂತು, ಪೂರ್ತಿ ಮರಳಿದ್ದು 2009ರಲ್ಲಿ. (ನಡುವೆ ಒಂದು ವಿಷಯ: ನ್ಯಾಟೋದ ಮೊದಲ ಪ್ರಧಾನ ಕಾರ್ಯದರ್ಶಿ ಇಸ್ಮೇ ಹುಟ್ಟಿದ್ದು ನಮ್ಮ ನೈನಿತಾಲ್‌ನಲ್ಲಿ. 1947ರಲ್ಲಿ ಮೌಂಟ್‌ಬ್ಯಾಟನ್‌ರ ಮುಖ್ಯ ಸಹಾಯಕರಾಗಿ ದೆಹಲಿಯಲ್ಲಿದ್ದವರು ಅವರೇ. ರಸಪ್ರಶ್ನೆಗೆ ತಯಾರಾಗುವವರು ಬರೆದಿಟ್ಟುಕೊಳ್ಳಿ.)

ಹೊಸತೆಂದರೆ, ಈಗ ಅನುಮಾನವನ್ನು ಬಿತ್ತುತ್ತಿರುವವರು ಅಮೆರಿಕದ ಅಧ್ಯಕ್ಷರೇ. ಹಣ ಖರ್ಚು ಮಾಡದ ಸದಸ್ಯರನ್ನು ರಷ್ಯಾ ಏನು ಬೇಕಾದರೂ ಮಾಡಿಕೊಳ್ಳಲಿ ಎಂಬರ್ಥದ ಮಾತನ್ನು ಟ್ರಂಪ್ 2024ರ ಚುನಾವಣಾ ಸಭೆಯಲ್ಲಿ ಆಡಿದರು. 2025ರ ಜನವರಿಯಲ್ಲಿ ಗ್ರೀನ್‌ಲ್ಯಾಂಡ್‌ಗಾಗಿ ಬಲಪ್ರಯೋಗ ಮಾಡುವುದಿಲ್ಲ ಎನ್ನುತ್ತೀರಾ ಎಂದು ಕೇಳಿದರೆ, ಹಾಗೆ ಮಾತು ಕೊಡಲು ಒಪ್ಪಲಿಲ್ಲ. ಐದನೇ ವಿಧಿ ಇದುವರೆಗೆ ಜಾರಿಯಾದದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಅದೂ ಅಮೆರಿಕಕ್ಕಾಗಿ. ಆಗ ಸುಮಾರು ಅರ್ಧ ಕೋಟಿ ಜನರ ಡೆನ್ಮಾರ್ಕ್ ಕೂಡ ಅಮೆರಿಕದ ಜೊತೆ ಅಫ್ಘಾನಿಸ್ತಾನಕ್ಕೆ ಹೋಗಿ 40ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಆ ಯುದ್ಧ ಸರಿಯೇ ಎಂಬುದು ಬೇರೆ ಮಾತು. ಕರೆದಾಗ ಬಂದವನ ನೆಲವನ್ನೇ ಕೇಳುತ್ತಿದ್ದಾರೆ. 2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಸೇರಿದ ಸದಸ್ಯರು 2035ರ ಹೊತ್ತಿಗೆ ರಾಷ್ಟ್ರೀಯ ಉತ್ಪನ್ನದ ಶೇ 5ರಷ್ಟನ್ನು ರಕ್ಷಣೆಗೆ ಮತ್ತು ಅದಕ್ಕೆ ಸಂಬಂಧಿಸಿದ ಕೆಲಸಗಳಿಗೆ ಖರ್ಚು ಮಾಡುವುದಾಗಿ ಒಪ್ಪಿದರು. ಹಣ ಬರಬಹುದು. ಹೋದ ನಂಬಿಕೆ ಹಣದ ಜೊತೆ ಬರುತ್ತದೆಯೇ ಎಂಬುದರಲ್ಲಿ ನನಗೆ ಸಂಶಯವಿದೆ.

ಇದನ್ನೆಲ್ಲ ಕ್ಯಾಂಟೀನ್‌ನಲ್ಲಿ ಹೇಳಿದಾಗ ಗೆಳೆಯನೊಬ್ಬ ಸಿಟ್ಟಾದ. “ಹಾಗಾದರೆ ನ್ಯಾಟೋ ಒಳ್ಳೆಯದು ಅಂತೀಯಾ? ಗಾಝಾ ನೋಡಿದ ಮೇಲೂ?” ಇಲ್ಲ. ಅಫ್ಘಾನಿಸ್ತಾನ, ಲಿಬಿಯಾದ ಬಗ್ಗೆ ನಾನು ಹೇಳಿದ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. 2009ರಲ್ಲಿ ಕುಂದುಜ್‌ನಲ್ಲಿ ಟ್ಯಾಂಕರ್‌ನಿಂದ ಇಂಧನ ಹಿಡಿಯಲು ಸೇರಿದ್ದ ಊರಿನವರ ಮೇಲೆ ಬಾಂಬ್ ಬಿದ್ದದ್ದನ್ನು ಓದಿದಾಗಲೂ ನನಗೆ ನಿದ್ದೆ ಬರಲಿಲ್ಲ. ಗಾಝಾ ವಿಷಯದಲ್ಲಿ ಅಮೆರಿಕ ಬೇಡವೆಂದರೂ ಬ್ರಿಟನ್, ಫ್ರಾನ್ಸ್, ಕೆನಡಾ 2025ರ ಸೆಪ್ಟೆಂಬರ್‌ನಲ್ಲಿ ಪ್ಯಾಲೆಸ್ತೀನ್‌ಗೆ ಮಾನ್ಯತೆ ಕೊಟ್ಟಾಗ, ತಡವಾಗಿಯಾದರೂ ಆ ಒಡಕು ನನಗೆ ಸ್ವಲ್ಪ ಸಮಾಧಾನ ತಂದಿತು. ಬೋಸ್ನಿಯಾದಲ್ಲಿ ಅಂಥದೇ ಒಡಕು ಜನರನ್ನು ಸಾಯಲು ಬಿಟ್ಟಿತು. ಎರಡನ್ನೂ ಒಂದೇ ಚಪ್ಪಾಳೆಯ ಸಾಲಿನಲ್ಲಿ ಹೇಗೆ ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ಗೆಳೆಯ ಒಪ್ಪಲಿಲ್ಲ, ಚಹಾದ ಹಣ ಮಾತ್ರ ಕೊಟ್ಟ.

ಬೋಸ್ನಿಯಾ ಇಂದಿಗೂ ನ್ಯಾಟೋ ಸದಸ್ಯ ಅಲ್ಲ. 2004ರಿಂದ ಅಲ್ಲಿ ಶಾಂತಿ ಕಾಯುತ್ತಿರುವುದು ಯುರೋಪಿಯನ್ ಒಕ್ಕೂಟದ ಒಂದು ಚಿಕ್ಕ ಪಡೆ, ‘ಆಲ್ತೇಯಾ’ ಅದರ ಹೆಸರು. ಯೋಜನೆ, ವ್ಯವಸ್ಥೆಗೆ ಅದು ನ್ಯಾಟೋವನ್ನೇ ನೆಚ್ಚಿಕೊಂಡಿದೆ. ಸೆರ್ಬ್ ಭಾಗದ ನಾಯಕರು ಬೇರೆಯಾಗುವ ಮಾತು ಎತ್ತುತ್ತಲೇ ಇರುತ್ತಾರೆ. 2025ರ ಮಾರ್ಚ್‌ನಲ್ಲಿ ಅಲ್ಲಿ ಬಿಗುವು ಹೆಚ್ಚಿದಾಗ ಹೆಚ್ಚುವರಿ ಸೈನಿಕರನ್ನು ಕಳಿಸಬೇಕಾಯಿತು. ಆ ಪಡೆ ಮುಂದುವರಿಯಲು ಪ್ರತಿ ವರ್ಷ ನವೆಂಬರ್ ಸುಮಾರಿಗೆ ಭದ್ರತಾ ಮಂಡಳಿ ಮತ ಹಾಕಬೇಕು. ರಷ್ಯಾ ವೀಟೋ ಹಾಕಿದರೆ ಮುಗಿಯಿತು.

ಆ ದಿನಾಂಕವನ್ನು ನಾನು ರಾಜ್ಯಶಾಸ್ತ್ರದ ನೋಟ್ಸ್‌ನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ. ಉಪ್ಪನಿಗೂ ಹೇಳಿದ್ದೇನೆ. ಈಗ ಟಿವಿಯಲ್ಲಿ ವಿದೇಶದ ಸುದ್ದಿ ಶುರುವಾದರೆ ಅವರು ಸೌಂಡ್ ಜಾಸ್ತಿ ಮಾಡಿ, “ಬೋಸ್ನಿಯಾದ್ದು ಏನಾದರೂ ಬಂತಾ ನೋಡು” ಎನ್ನುತ್ತಾರೆ.