ಹೊನ್ನು ತೀರಿದ ಊರು

ಬಂಗಾರಪೇಟೆಯಲ್ಲಿ ಹಿರಿಯ ರೈಲುದಾರಿಯನ್ನು ಬಿಟ್ಟು ಕವಲುದಾರಿಯನ್ನು ಹಿಡಿದರೆ, ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ಸ್ಟೇಷನ್ನುಗಳನ್ನು ದಾಟಿ ಮಾರಿಕುಪ್ಪದಲ್ಲಿ ಹಳಿಯೇ ಮುಗಿದುಹೋಗುವುದು. ಇದೇ ಕೋಲಾರದ ಚಿನ್ನದ ಗಣಿಯ ಸೀಮೆ. ದೂರದಿಂದಲೇ ನಮ್ಮ ಕಣ್ಣಿಗೆ ಬೂದು ಬಣ್ಣದ ದಿಣ್ಣೆಗಳು ಬಿದ್ದುವು. ಅವು ಸೃಷ್ಟಿಕರ್ತನು ಇಟ್ಟ ಗುಡ್ಡಗಳಲ್ಲ. ಕಲ್ಲನ್ನು ಕುಟ್ಟಿ, ಸಯನೈಡಿನ ನೀರಿನಿಂದ ಹೊನ್ನನ್ನು ಹೀರಿಕೊಂಡ ಮೇಲೆ ಉಳಿದ ಪುಡಿ. ಗಾಳಿ ಬೀಸಿತೆಂದರೆ ಆ ಧೂಳು ಮನೆಮನೆಗೂ ನುಗ್ಗುವುದು. ಗೃಹಿಣಿಯರು ಮುಚ್ಚಿಟ್ಟ ಅನ್ನವನ್ನೂ ಎಚ್ಚರದಿಂದಲೇ ಕಾಯಬೇಕು.

೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕಾಲಿಟ್ಟರು. ಆ ಬಳಿಕ ಊರಿಗೆ ಬಂದ ಭಾಗ್ಯವನ್ನು ಏನೆನ್ನೋಣ! ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ೯೦ ಮೈಲಿಗೂ ಮಿಕ್ಕಿ ತಂತಿಯ ಮೇಲೆ ಹರಿದು ಮೊದಲು ಇಲ್ಲಿಗೆ ಬಂದಿತು. ಬೆಂಗಳೂರಿನ ಬೀದಿಗಳಿಗೆ ದೀಪವಾದುದು ೧೯೦೫ರಲ್ಲಿ. ರಾಜಧಾನಿಯಂಥ ಊರೇ ಗಣಿಯ ಹಿಂದೆ ನಿಂತು ಕಾದಂತಾಯಿತು. ದೊರೆಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ತಮಿಳುನಾಡಿನಿಂದಲೂ ತೆಲುಗು ಸೀಮೆಯಿಂದಲೂ ಬಂದ ಕೂಲಿಗಳಿಗೆ ಇಕ್ಕಟ್ಟಾದ ಸಾಲುಮನೆ. ಇಂದಿಗೂ ಪೇಟೆಯಲ್ಲಿ ನಮ್ಮ ಕಿವಿಗೆ ಹೆಚ್ಚಾಗಿ ಬಿದ್ದುದು ತಮಿಳು.

ಆ ಕೂಲಿಗಳು ಇಳಿದ ಆಳವನ್ನು ನೆನೆದರೆ ಮೈ ಜುಮ್ಮೆನ್ನುವುದು. ಚಾಂಪಿಯನ್ ರೀಫ್ ಗಣಿಯು ೧೦,೦೦೦ ಅಡಿಗೂ ಕೆಳಗೆ ಹೋಗಿದ್ದಿತು. ಅಲ್ಲಿ ಬಂಡೆಯೇ ಕಾವಲಿಯಂತೆ ಕಾಯುತ್ತಿದ್ದಿತು. ಮೇಲಿನ ಭಾರಕ್ಕೆ ಕಲ್ಲು ಒಮ್ಮೆಲೇ ಸಿಡಿದು ಆಳುಗಳನ್ನು ಹೂಳಿದುದೂ ಉಂಟು. ಬದುಕಿ ಮೇಲೆ ಬಂದವರಲ್ಲಿ ಎಷ್ಟೋ ಮಂದಿಯ ಶ್ವಾಸಕೋಶವನ್ನು ಕಲ್ಲುಧೂಳು ತಿಂದಿತು. ಒಟ್ಟು ಸುಮಾರು ೮೦೦ ಟನ್ನು ಚಿನ್ನ ಹೊರಬಂದಿತೆಂದು ಲೆಕ್ಕ. ಅದನ್ನು ಅಗೆದವರ ಹೆಂಡಿರ ಕೊರಳಿಗೆ ಅದರಲ್ಲಿ ಬಂದುದೆಷ್ಟು?

೧೯೫೬ರಲ್ಲಿ ಮೈಸೂರು ಸರಕಾರವೂ ಮುಂದೆ ಕೇಂದ್ರ ಸರಕಾರವೂ ಗಣಿಯನ್ನು ವಹಿಸಿಕೊಂಡುವು. ಅದಿರಿನಲ್ಲಿ ಹೊನ್ನು ತೆಳ್ಳಗಾಗುತ್ತ, ಆಳದ ಖರ್ಚು ಏರುತ್ತ ಹೋಗಿ, ೨೦೦೧ರ ಫೆಬ್ರವರಿ ೨೮ರಂದು ಗಣಿಯು ಮುಚ್ಚಿತು. ನೀರೆತ್ತುವ ಪಂಪುಗಳು ನಿಂತುವು. ಬಾವಿಗಳೊಳಗೆ ನೀರು ತುಂಬಿಕೊಂಡಿತು.

ಊರು ಮಾತ್ರ ಖಾಲಿಯಾಗಲಿಲ್ಲ. ೧೯೬೪ರಲ್ಲಿ ಹುಟ್ಟಿದ ಬೆಮಲ್ ಕಾರಖಾನೆಯು ಕೆಲವರಿಗೆ ಅನ್ನ ಕೊಡುತ್ತಿದೆ. ಉಳಿದವರಿಗೆ ರೈಲೇ ಗತಿ. ಬೆಳಕು ಹರಿಯುವ ಮೊದಲೇ ಗಣಿಗಾರರ ಮಕ್ಕಳೂ ಮೊಮ್ಮಕ್ಕಳೂ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ಗಾಡಿಯನ್ನು ಏರುವರು. ಹೋಗಿ ಬರುವುದರಲ್ಲೇ ನಾಲ್ಕೈದು ಗಂಟೆ ಕಳೆಯುವುದು. ಅಜ್ಜನು ಕತ್ತಲಲ್ಲಿ ಕೆಳಕ್ಕೆ ಇಳಿಯುತ್ತಿದ್ದನು, ಮೊಮ್ಮಗಳು ಕತ್ತಲಲ್ಲಿ ಪಟ್ಟಣಕ್ಕೆ ಹೋಗುವಳು. ರಾತ್ರಿ ಅವಳು ಮರಳುವವರೆಗೂ ಸಾಲುಮನೆಯ ಬಾಗಿಲಲ್ಲಿ ದೀಪ ಉರಿಯುತ್ತಿರುವುದು.