ಬ್ಯಾನಿ ಗುಳಿಗಿ

ಈ ಸಲದ ಅನುವಾದ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ಸರ್, ದಿನಬಳಕೆಯ ಮಾತನ್ನು ಅನುವಾದಿಸುವಾಗಲೂ ತಪ್ಪಾಗುತ್ತದೆಯೇ?’ ನಾನು ಮಾತು ತೇಲಿಸಿದೆ. ಉತ್ತರ ನನ್ನ ಮನೆಯಲ್ಲೇ ಇತ್ತು, ಹೇಳುವ ಧೈರ್ಯವಿರಲಿಲ್ಲ.

ನನ್ನ ಅವ್ವ ಅಕ್ಕಲಕೋಟ ತಾಲೂಕಿನ ಹಳ್ಳಿಯವಳು. ಜೋಳದ ಹೊಲದಲ್ಲಿ ಸವೆದ ಮೊಣಕಾಲುಗಳು. ಕೆಲವು ವರ್ಷಗಳ ಹಿಂದೆ ವೈದ್ಯರೊಬ್ಬರು ಐದು ದಿನಕ್ಕೆಂದು ಡೈಕ್ಲೊಫೆನಾಕ್ ಬರೆದುಕೊಟ್ಟಿದ್ದರು. ಆ ಐದು ದಿನ ಮುಗಿಯಲೇ ಇಲ್ಲ. ಚೀಟಿ ಕಳೆದುಹೋಯಿತು, ಸ್ಟ್ರಿಪ್ಪಿನ ತುಂಡು ಉಳಿಯಿತು. ಸಂತೆಗೆ ಹೋಗುವವರ ಕೈಯಲ್ಲಿ ಅದನ್ನು ಕೊಟ್ಟು ಕಳಿಸಿದರೆ ಸಾಕು, ಮೆಡಿಕಲ್ಲಿನ ಹುಡುಗ ಅಂಥದೇ ಹತ್ತು ಗುಳಿಗೆ ಕತ್ತರಿಸಿ ಕೊಡುತ್ತಿದ್ದ. ಡೈಕ್ಲೊಫೆನಾಕ್ 1945ರ ಔಷಧ ನಿಯಮಗಳ ‘ಎಚ್’ ಅನುಸೂಚಿಯಲ್ಲಿದೆ; ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಸ್ಟ್ರಿಪ್ಪಿನ ಮೇಲೆ ಹಾಗೆಂದು ಮುದ್ರಿಸಿಯೂ ಇರುತ್ತದೆ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಅವ್ವನ ಪಾಲಿಗೆ ಅದು ಅಂಗಡಿಯ ಸಾಮಾನಾಗಿತ್ತು, ಬೆಲ್ಲ, ಚಹಾಪುಡಿಗಳ ಹಾಗೆ. ಹೆಸರು ಬ್ಯಾನಿ ಗುಳಿಗಿ.

ಒಮ್ಮೆ ಅವಳ ರಕ್ತದೊತ್ತಡ ಹಿಡಿತಕ್ಕೆ ಸಿಗದಾಯಿತು. ಸೊಲ್ಲಾಪುರಕ್ಕೆ ಕರೆದೊಯ್ದೆ. ವೈದ್ಯರು ಮರಾಠಿಯಲ್ಲಿ ಕೇಳಿದರು: ‘ಕೋಣತೀ ಔಷಧೆ ಚಾಲೂ ಆಹೇತ?’ ಯಾವ ಔಷಧಗಳು ನಡೆದಿವೆ ಎಂದಷ್ಟೇ ಅದರ ಅರ್ಥ. ಎರಡೂ ಭಾಷೆಗಳಲ್ಲಿ ಓದಿ ಬೆಳೆದ ನಾನು ಅವ್ವನಿಗೆ ಹೇಳಿದ್ದು ಹೀಗೆ: ‘ಡಾಕ್ಟರ್ ಬರಕೊಟ್ಟ ಔಷಧ ಯಾವ್ಯಾವ ತಗೋತಿ ಅಂತ ಕೇಳ್ತಾರ.’ ‘ಬರಕೊಟ್ಟ’ ಎಂಬುದು ಮೂಲದಲ್ಲಿರಲಿಲ್ಲ. ಸ್ಪಷ್ಟವಾಗಲೆಂದು ನಾನೇ ಸೇರಿಸಿದ್ದೆ. ಅವ್ವ ಪ್ರಾಮಾಣಿಕವಾಗಿ ಉತ್ತರಿಸಿದಳು: ‘ಬಿಪಿ ಗುಳಿಗಿ ಒಂದ.’ ವೈದ್ಯರು ಇನ್ನೊಂದು ಬಿಪಿ ಗುಳಿಗೆ ಬರೆದರು.

ಗಾಯದ ಜಾಗದಲ್ಲಿ ನೋವು, ಬಾವು ಹೆಚ್ಚಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳನ್ನೇ ಈ ಜಾತಿಯ ಗುಳಿಗೆಗಳು ತಡೆಯುತ್ತವೆ. ಆಸ್ಪಿರಿನ್ನಿನ ವಿಷಯದಲ್ಲಿ ಇದನ್ನು 1971ರಲ್ಲಿ ತೋರಿಸಿಕೊಟ್ಟ ಜಾನ್ ವೇನ್ 1982ರ ನೊಬೆಲ್ ಪಡೆದವರಲ್ಲಿ ಒಬ್ಬರು. ಆದರೆ ಅದೇ ವಸ್ತುಗಳು ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತವೆ. ಗುಳಿಗೆಗೆ ಮೊಣಕಾಲು ಯಾವುದು, ಜಠರ ಯಾವುದು ತಿಳಿಯದು. ಮೈಯಲ್ಲಿ ಉಪ್ಪುನೀರು ನಿಂತು ರಕ್ತದೊತ್ತಡವೂ ಏರುತ್ತದೆ. ಹೃದಯಕ್ಕೂ ಅಪಾಯವೆಂದು ಬ್ರಿಟನ್ನಿನಲ್ಲಿ 2015ರಿಂದ ಡೈಕ್ಲೊಫೆನಾಕ್ ಗುಳಿಗೆಯನ್ನು ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಲಾಯಿತು. ಅಲ್ಲಿ ಐಬುಪ್ರೊಫೆನ್ ಮಾತ್ರ ಕಡಿಮೆ ಪ್ರಮಾಣದಲ್ಲಿ, ಕೆಲವು ದಿನಗಳ ಬಳಕೆಗೆಂದು, ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಇವೆಲ್ಲ ನಾನು ಆಮೇಲೆ ಓದಿ ತಿಳಿದದ್ದು.

ಮೂರು ವಾರಗಳ ನಂತರ ಅವ್ವನ ಮಲ ಡಾಂಬರಿನಂತೆ ಕಪ್ಪಾಯಿತು. ಎರಡು ದಿನ ನಾಚಿಕೆಯಿಂದ ಹೇಳಲಿಲ್ಲ; ಮೂರನೆಯ ದಿನ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದಳು. ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಎರಡು ಬಾಟಲಿ ರಕ್ತ ಕೊಡಬೇಕಾಯಿತು. ‘ಕಾಲುನೋವಿಗೆ ಅಂಗಡಿಯಿಂದ ಏನಾದರೂ ತರಿಸುತ್ತಾರೆಯೇ?’ ಎಂದು ಆಸ್ಪತ್ರೆಯ ತರುಣ ವೈದ್ಯೆ ಕೇಳಿದಾಗಲೇ ಅವ್ವ ಸೊಂಟದ ಚಂಚಿ ಬಿಚ್ಚಿದಳು. ಎಲೆ, ಅಡಿಕೆಗಳ ನಡುವೆ ಸ್ಟ್ರಿಪ್ಪಿನ ತುಂಡುಗಳು. ‘ಮೊದಲೇ ಯಾಕ ಹೇಳಲಿಲ್ಲ?’ ಎಂದು ರೇಗಿದೆ. ‘ನೀ ಔಷಧ ಕೇಳಿದಿ. ಇದೇನ್ ಔಷಧ ಏನೋ? ಬ್ಯಾನಿ ಗುಳಿಗಿ’ ಎಂದಳು.

‘ಉರಿಯೂತ’ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ಉರಿ, ಊತ ಎರಡೂ ಅದರಲ್ಲಿವೆ. ಪರೀಕ್ಷೆಯಲ್ಲಿ ಬರೆದರೆ ನಾನು ಪೂರ್ಣ ಅಂಕ ಕೊಟ್ಟೇನು. ಅಂದು ಅವ್ವನ ಮುಂದೆ ಅದೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಈಗ ಅವಳಿಗೆ ಪ್ಯಾರಸಿಟಮಾಲ್ ಮಾತ್ರ. ನೋವು ತುಸು ತಗ್ಗುತ್ತದೆ, ಬಾವು ಇಳಿಯುವುದಿಲ್ಲ. ಅದಕ್ಕಾಗಿ ನನ್ನನ್ನು ಬೈಯುತ್ತಾಳೆ. ತಪಾಸಣೆಗೆ ಹೋಗುವ ಮುಂಚೆ ನಾನು ಕೇಳುವುದು ಬೇರೆ ರೀತಿ: ‘ಅವ್ವಾ, ಬೆಳಗಿಂದ ಸಂಜೀತನಕ ಬಾಯಾಗ ಏನೇನ್ ಹಾಕೋತಿ?’ ಅವಳು ಬೆರಳು ಮಡಚಿ ಎಣಿಸುತ್ತಾಳೆ: ಬಿಪಿಯದು, ಹೊಟ್ಟಿಯದು, ಜ್ವರದ ಗುಳಿಗಿ, ಎರಡು ರೊಟ್ಟಿ, ಎಲಿ, ಅಡಿಕಿ, ಸುಣ್ಣ. ನಾನು ಎಲ್ಲವನ್ನೂ ಬರೆದುಕೊಳ್ಳುತ್ತೇನೆ.